ಹಸಿದ ಕೌದಿ

ಹಲ್ಲುಜ್ಜುತ್ತಿರುವಾಗಲೇ ನಾನು ಕರುಣಾಮಯಿಯಾಗಿಬಿಡುವುದೆಂದು ತೀರ್ಮಾನಿಸಿದೆ. ಅಲ್ಲಿಯವರೆಗೆ ನನ್ನ ಕರುಣೆ ಚಿಲ್ಲರೆಯಾಗಿ, ಚಹಾದಲ್ಲಿ ಅದ್ದಿ ಉಳಿದ ಅರ್ಧ ಬಿಸ್ಕೀಟಿನ ರೂಪದಲ್ಲಿ, ಯಾರ ಕಣ್ಣಿಗೂ ಬೀಳದೆ ನಡೆದುಕೊಂಡು ಹೋಗುತ್ತಿತ್ತು. ಇನ್ನು ಮುಂದೆ ಅದು ಸಗಟಾಗಿ ನಡೆಯಬೇಕು. ನಾಲ್ಕು ಜನ ನೋಡಬೇಕು. ನೋಡಿ, ನೀವೂ ಹೀಗಾಗಿ ಎಂದು ತಮ್ಮ ಮಕ್ಕಳಿಗೆ ಹೇಳಬೇಕು!

ನಾನು ವಿರುಪಾಕ್ಷಿ, ಕುಷ್ಟಗಿ ಬಸ್ ನಿಲ್ದಾಣದ ಕಂಟ್ರೋಲರ್. ಗಾಜಿನ ಗೂಡಿನೊಳಗೆ ಕುಳಿತು, ಯಾವ ಬಸ್ಸು ಯಾವ ಊರಿಗೆ ಹೊರಡುತ್ತದೆ ಎಂದು ಮೈಕಿನಲ್ಲಿ ಕೂಗುವುದು ನನ್ನ ಉದ್ಯೋಗ. ಮನೆಯಲ್ಲಿ ನನ್ನ ಮಾತು ಅಡುಗೆಮನೆಯ ಹೊಸ್ತಿಲನ್ನೂ ದಾಟುವುದಿಲ್ಲ. ನಿಲ್ದಾಣದಲ್ಲಿ ಅದೇ ಮಾತು ರಸ್ತೆಯಾಚೆಯ ಮಿರ್ಚಿ ಭಜಿಯ ಬಾಣಲೆಯವರೆಗೂ ಹೋಗಿ ಮುಟ್ಟುತ್ತದೆ. ಇಂಥ ಕೊರಳಿದ್ದವನಿಗೆ ಸಣ್ಣಪುಟ್ಟ ಪುಣ್ಯ ಸಾಲುವುದಿಲ್ಲ.

ನನ್ನ ಗೂಡಿನ ಕೆಳಗೆ ಒಂದು ಮುದಿ ನಾಯಿ ಮಲಗುತ್ತದೆ. ಅದರ ಹಿಂಗಾಲು ಯಾವುದೋ ಕಾಲದಲ್ಲಿ ವೇಗದೂತ ಬಸ್ಸಿನ ಚಕ್ರಕ್ಕೆ ಸಿಕ್ಕಿತ್ತಂತೆ. ಅಂದಿನಿಂದ ಅದಕ್ಕೆ ಎಕ್ಸ್‌ಪ್ರೆಸ್ ಎಂದು ಹೆಸರು. ಇಡೀ ತಾಲೂಕಿನಲ್ಲಿ ಅದಕ್ಕಿಂತ ನಿಧಾನವಾಗಿ ನಡೆಯುವ ಪ್ರಾಣಿ ಇಲ್ಲ. ಆ ವರ್ಷ ಡಿಸೆಂಬರಿನ ಚಳಿ ನಮ್ಮ ಕಡೆಗೆ ಒಗ್ಗದಷ್ಟು ಜೋರಾಗಿತ್ತು. ಎಕ್ಸ್‌ಪ್ರೆಸ್ ಸಿಮೆಂಟು ನೆಲದ ಮೇಲೆ ತನ್ನ ಬಾಲವನ್ನೇ ಹೊದ್ದುಕೊಂಡು ನಡುಗುತ್ತ ಬಿದ್ದಿರುತ್ತಿತ್ತು. ಅದು ನಡುಗುವಾಗ ಗೂಡಿನ ತಗಡೂ ಸಣ್ಣಗೆ ಅದುರುತ್ತಿತ್ತು.

ಅಷ್ಟರಲ್ಲಿ ಕೊಟ್ರೇಶ ಬಂದ. ಗಂಗಾವತಿ ಕಡೆಯ ಹುಡುಗ, ತಲೆಯ ಮೇಲೆ ಕಪ್ಪು ಕನ್ನಡಕ, ಕೈಯಲ್ಲಿ ಫೋನು, ಬಿಳಿ ವ್ಯಾನು. ‘ನಾಲ್ಕು ಕಾಲಿನ ನೆಂಟರು’ ಎಂಬ ಬಳಗದ ಅಧ್ಯಕ್ಷ. ಸಿದ್ದಾಪುರದ ಹತ್ತಿರ ಮುದಿ ಎತ್ತು, ಬೀದಿನಾಯಿಗಳಿಗೆ ಒಂದು ಆಶ್ರಯ ನಡೆಸುತ್ತಿದ್ದಾನೆ.

“ಸಾಹೇಬ್ರ, ಮಂದಿ ಮನ್ಯಾಗ ಹಳೇ ಕೌದಿ ಬಿದ್ದಿರ್ತಾವ. ನಮ್ಮ ಎತ್ತು, ನಾಯಿ ಥಂಡ್ಯಾಗ ಸಾಯಾಕತ್ತಾವ. ಒಂದೀಟು ಮೈಕಿನಾಗ ಹೇಳ್ರಿ. ನಿಮ್ಮ ದನಿ ಅಂದ್ರ ದನಿ.”

ನನ್ನ ದನಿಯನ್ನು ಹೊಗಳಿದವರಿಗೆ ನಾನು ಬಸ್ಸನ್ನೇ ಬರೆದುಕೊಟ್ಟೇನು. ಕೌದಿ ಯಾವ ಲೆಕ್ಕ? ಕೂಡಲೇ ಮೈಕು ಹಿಡಿದು, ಮೂಕ ಪ್ರಾಣಿಗಳ ಗೋಳನ್ನು ಕೇಳಿದವರ ಕಣ್ಣು ತೇವವಾಗುವಂತೆ ಹೇಳಿ, ಕೊನೆಗೆ ತಡೆಯಲಾರದೆ ಘೋಷಿಸಿದೆ: “ಮೊದಲನೆಯ ಕೌದಿ, ಕಂಟ್ರೋಲರ್ ಸಾಹೇಬರದು!”

ಹೆಂಡತಿ ಅಮರಮ್ಮ ಯಲಬುರ್ಗಾದಲ್ಲಿದ್ದಳು. ಮಗಳು ಶೋಭಾರಾಣಿಯನ್ನು ಅಲ್ಲಿಗೇ ಕೊಟ್ಟಿದ್ದೇವೆ. ಅವಳಿಗೆ ಚೊಚ್ಚಲ ಬಸಿರು. ಸಂಕ್ರಾಂತಿ ಕಳೆದ ಮೇಲೆ ಬಸುರಿಗೆ ಉಡಿ ತುಂಬುವ ಕುಬಸದ ಕಾರ್ಯ ಮಾಡಿ, ಬಾಣಂತನಕ್ಕೆ ನಮ್ಮ ಮನೆಗೆ ಕರೆತರಬೇಕೆಂದು ಮಾತಾಗಿತ್ತು. ಬೀಗರೊಡನೆ ಅದರ ದಿನ ಗೊತ್ತುಮಾಡಲು ಅಮರಮ್ಮ ಹೋಗಿದ್ದಳು. ಮನೆಯಲ್ಲಿ ನಾನೊಬ್ಬನೇ ಯಜಮಾನ. ಗಂಡಸು ಮನೆಯಲ್ಲಿ ಒಬ್ಬನೇ ಯಜಮಾನನಾಗಿರುವುದು ಎಷ್ಟು ಅಪಾಯ ಎಂದು ಆಗ ನನಗೆ ತಿಳಿದಿರಲಿಲ್ಲ.

ಟ್ರಂಕು ತೆರೆದೆ. ಮೇಲೆಯೇ ಒಂದು ಕೌದಿ ಇತ್ತು. ಮಾಸಿದ ಇಳಕಲ್ ಸೀರೆಯ ತುಂಡು, ಚುಕ್ಕಿ ಚುಕ್ಕಿಯ ಚಿಕ್ಕಿ ಸೀರೆಯ ತುಂಡು, ಯಾವುದೋ ಹಸಿರು ಕುಪ್ಪಸದ ತುಂಡು, ಎಲ್ಲವನ್ನೂ ಪದರ ಪದರವಾಗಿ ಜೋಡಿಸಿ ಕೈಯಲ್ಲಿ ಹೊಲಿದದ್ದು. ನಾವು ಹೊದೆಯುವ ಕೌದಿಗಳೆಲ್ಲ ಕೆಳಗೆ ಗಟ್ಟಿಮುಟ್ಟಾಗಿದ್ದವು. ಇದರ ಒಂದು ಮೂಲೆ ಮಾತ್ರ ಬಾಯಿ ಬಿಟ್ಟುಕೊಂಡಿತ್ತು. ಹರಿದದ್ದು, ಹಳೆಯದು, ದಾನಕ್ಕೆಂದೇ ಹುಟ್ಟಿದ್ದು! ನನ್ನ ವಿವೇಕಕ್ಕೆ ನಾನೇ ತಲೆದೂಗಿ, ಅದನ್ನು ಹೆಗಲ ಮೇಲೆ ಹಾಕಿಕೊಂಡು ನಿಲ್ದಾಣಕ್ಕೆ ನಡೆದೆ.

ಕೊಟ್ರೇಶ ಫೋನು ಎತ್ತಿ ಹಿಡಿದ. “ಸಾಹೇಬ್ರ, ಮೊದ್ಲು ಇಲ್ಲೇ ಈ ನಾಯಿಗೆ ಹೊಚ್ರಿ. ವಿಡಿಯೋ ಛಲೋ ಬರ್ತೈತಿ.”

ನಾನು ಮೊಣಕಾಲೂರಿ ಎಕ್ಸ್‌ಪ್ರೆಸ್ಸಿಗೆ ಕೌದಿ ಹೊದಿಸಿದೆ. ಅದರ ತಲೆ ಸವರಿದೆ. ಮುಖವನ್ನು ಸ್ವಲ್ಪ ಬಲಕ್ಕೆ ತಿರುಗಿಸಿದೆ. ಎಡಗಡೆ ನನಗೆ ಒಂದು ಹಲ್ಲು ಕಡಿಮೆ. ಎಕ್ಸ್‌ಪ್ರೆಸ್ ಮೊದಲು ಬೆದರಿತು. ಆಮೇಲೆ ಮೂಗನ್ನು ಇಳಕಲ್ ಸೀರೆಯ ಅಂಚಿನೊಳಗೆ ತೂರಿಸಿ, ಒಂದು ದೊಡ್ಡ ಉಸಿರು ಬಿಟ್ಟು, ಕಣ್ಣು ಮುಚ್ಚಿತು. ನಡುಕ ನಿಂತಿತು.

“ಆತ್ರಿ, ಸೂಪರ್,” ಎಂದು ಕೊಟ್ರೇಶ ಕೌದಿಯನ್ನು ಎಳೆದುಕೊಂಡು ವ್ಯಾನಿಗೆ ಹಾಕಿದ.

“ಅದಕ್ಕ ಇರಲಲ್ಲೋ?”

“ಇಲ್ಲಿ ಇಟ್ರ ಯಾರಾರ ಒಯ್ತಾರ್ರಿ. ಆಶ್ರಯದಾಗ ಸೇಫ್ ಇರ್ತೈತಿ. ಅಲ್ಲಿ ಇದಕ್ಕಿಂತ ಕಷ್ಟದಾಗ ಇರೋವು ಭಾಳ ಅದಾವ.”

ವ್ಯಾನು ಹೊರಟಿತು. ಎಕ್ಸ್‌ಪ್ರೆಸ್ ಎದ್ದು, ಕುಂಟುತ್ತ, ಅದರ ಹಿಂದೆ ಹೊರಗಿನ ಗೇಟಿನವರೆಗೂ ಹೋಯಿತು. ಕೃತಜ್ಞತೆ ಹೇಳಲು ಹೋಗಿದೆ ಎಂದುಕೊಂಡೆ. ಕರುಣಾಮಯಿಗಳು ಹೀಗೆಯೇ ಎಲ್ಲವನ್ನೂ ತಮ್ಮ ಕಡೆಗೆ ಅರ್ಥ ಮಾಡಿಕೊಳ್ಳುತ್ತಾರೆ.

ನಾನು ಹೇಳಿಕೊಳ್ಳುವ ಮೊದಲೇ ವಿಡಿಯೋ ಯಲಬುರ್ಗಾ ತಲುಪಿತು. ಮಧ್ಯಾಹ್ನ ಫೋನು ಬಂತು. ಅಮರಮ್ಮನ ದನಿ ತಣ್ಣಗಿತ್ತು. ಅವಳು ಕೂಗಾಡುವಾಗ ನನಗೆ ಭಯವಿಲ್ಲ. ತಣ್ಣಗಾದಾಗ ನಾನು ಕುರ್ಚಿಯ ತುದಿಗೆ ಬರುತ್ತೇನೆ.

“ಆ ನಾಯಿ ಮೈಮ್ಯಾಲಿರೋದು ಏನ್ರಿ?”

“ಕೌದಿ. ನೋಡಿದೇನ? ಹೆಂಗ ಬಂದೈತಿ?”

“ಯಾವ ಕೌದಿ?”

“ಟ್ರಂಕಿನಾಗ ಮ್ಯಾಲ ಇತ್ತಲ್ಲ, ಹರದಿದ್ದು.”

ಅವಳು ಹೇಳಿದಳು: “ಅದು ಹರದಿಲ್ಲ. ಮುಗಿದಿಲ್ಲ.”

ಫೋನು ಕಟ್ಟಾಯಿತು.

ಸಂಜೆಯ ಯಲಬುರ್ಗಾ ಬಸ್ಸನ್ನು ನಾನೇ ಮೈಕಿನಲ್ಲಿ ಕೂಗಿದೆ. “ಪ್ರಯಾಣಿಕರ ಗಮನಕ್ಕೆ, ಯಲಬುರ್ಗಾದಿಂದ ಬರುವ ಬಸ್ಸು ನಿಲ್ದಾಣಕ್ಕೆ ಆಗಮಿಸಿದೆ.” ತನ್ನ ಗ್ರಹಚಾರದ ಆಗಮನವನ್ನು ತಾನೇ ಇಷ್ಟು ಸ್ಪಷ್ಟ ಉಚ್ಚಾರದಲ್ಲಿ ಸಾರಿದ ಗಂಡ ಈ ಇಲಾಖೆಯಲ್ಲಿ ನನಗಿಂತ ಮೊದಲು ಇರಲಿಕ್ಕಿಲ್ಲ. ಅಮರಮ್ಮ ಇಳಿದಳು. ಗೂಡಿನ ಕೆಳಗೆ ನಡುಗುತ್ತಿದ್ದ ಎಕ್ಸ್‌ಪ್ರೆಸ್ಸನ್ನು ನೋಡಿದಳು. ನನ್ನನ್ನು ನೋಡಲಿಲ್ಲ. ಮನೆಗೆ ನಡೆದಳು.

ಮನೆಯಲ್ಲಿ ವಿಷಯ ಬಿಚ್ಚಿಕೊಂಡಿತು. ಆ ಕೌದಿ ನನ್ನ ಅತ್ತೆ ಹುಲಗಮ್ಮ ಹೊಲಿದದ್ದು. ಕಣ್ಣು ಮಂಜಾದ ಮೇಲೆ, ಬೆರಳಿನಿಂದಲೇ ದಾರ ತಡವಿಕೊಂಡು, ಮೊಮ್ಮಗಳ ಮಗುವಿಗೆಂದು ಹೊಲಿದದ್ದು. ಆಗ ಶೋಭಾ ಇನ್ನೂ ಹೈಸ್ಕೂಲಿನಲ್ಲಿದ್ದಳು. ಅತ್ತೆಯ ಮನೆತನದಲ್ಲಿ ಒಂದು ರೂಢಿ. ಕೌದಿಯ ಕೊನೆಯ ಮೂಲೆಯನ್ನು ಬಾಯಿ ತೆರೆದೇ ಇಟ್ಟಿರುತ್ತಾರೆ. ಅದು ಯಾರಿಗಾಗಿಯೋ ಅವರು ಬರುವ ಹೊತ್ತಿಗೆ ಒಳಗೆ ಒಂದು ಚೂರು ಜೋಳದ ರೊಟ್ಟಿ ಇಟ್ಟು ಹೊಲಿದು ಮುಚ್ಚುತ್ತಾರೆ. ಹಸಿದ ಕೌದಿಯನ್ನು ಹೊದ್ದ ಮಗು ಹಸಿದೇ ಇರುತ್ತದಂತೆ. ಆ ಮೂಲೆ ಮುಚ್ಚುವ ದಿನ ನೋಡದೆಯೇ ಅತ್ತೆ ಹೋದರು. ಕುಬಸದ ದಿನ ಶೋಭಾಳ ಕೈಯಿಂದ ರೊಟ್ಟಿ ಇಡಿಸಿ, ತಾನು ಹೊಲಿದು ಮುಚ್ಚಬೇಕೆಂದು ಅಮರಮ್ಮ ಇಷ್ಟು ವರ್ಷ ಅದನ್ನು ಕಾದಿಟ್ಟಿದ್ದಳು. ವರ್ಷಕ್ಕೊಮ್ಮೆ ಬಿಸಿಲು ತೋರಿಸಿ, ಬೇವಿನ ಎಲೆ ಬದಲಿಸಿ, ಮತ್ತೆ ಮಡಚಿ ಮೇಲೆಯೇ ಇಡುತ್ತಿದ್ದಳು.

“ನನಗ ಹೇಳಬೇಕಿಲ್ಲೇನು ಇದನ್ನ?”

“ಹೇಳಿದ್ದೆ. ಅವ್ವನ ದಿನಾ ಮಾಡಿದಾಗ. ನೀವು ಹ್ಞೂಂ ಅಂದಿದ್ರಿ.”

“ಹ್ಞೂಂ ಅಂದಿದ್ನೇನು?”

“ಎರಡು ಸಲ.”

ನನ್ನ ಹ್ಞೂಂ ಎಂಥದ್ದು ಎಂಬುದು ನನಗೇ ಗೊತ್ತು. ಸಂಸಾರದಲ್ಲಿ ಅದನ್ನು ಬಸ್ಸಿನ ಪಾಸಿನಂತೆ ಬಳಸುತ್ತ ಬಂದಿದ್ದೇನೆ, ತೋರಿಸಿದರೆ ಮುಂದೆ ಬಿಡುತ್ತಾರೆ. ಈ ಸಲ ಇಳಿಸಿದರು.

ಅವಳು ಅಳಲಿಲ್ಲ. ಅಡುಗೆ ನಿಲ್ಲಿಸಲಿಲ್ಲ. ರೊಟ್ಟಿ ಬಂತು, ಪಲ್ಯ ಬಂತು, ಇನ್ನೊಂದು ಹಾಕಲೇ ಎಂಬ ಮಾತು ಬರಲಿಲ್ಲ. ಇನ್ನೊಂದು ಹಾಕಲೇ ಎಂಬುದೇ ಊಟ, ಉಳಿದದ್ದು ಬರೀ ರೊಟ್ಟಿ ಎಂದು ನನಗೆ ಆ ವಾರ ಅರ್ಥವಾಯಿತು.

ಕೊಟ್ರೇಶನಿಗೆ ಫೋನು ಮಾಡಿದೆ. “ನಿಮ್ಮ ಕೌದಿ ಆರಾಮ ಐತ್ರಿ ಸಾಹೇಬ್ರ. ಒಂದು ಮುದಿ ಎತ್ತು ಹೊಚಗೊಂಡು ಮಕ್ಕೊಂಡೈತಿ. ಫೋಟೋ ಕಳಸ್ಲೇನು?” ಫೋಟೋ ಬಂತು. ಎತ್ತು ಇತ್ತು, ಅದರ ಮೇಲೆ ಕೌದಿ ಇತ್ತು, ನಮ್ಮದಲ್ಲ.

ಅಮರಮ್ಮ ಅದನ್ನು ನೋಡಿ ಫೋನು ಹಿಂದಿರುಗಿಸಿದಳು. “ನಾಳೆ ರಜಾ ಹಾಕ್ರಿ.”

ಮರುದಿನ ಇಬ್ಬರೂ ಗಂಗಾವತಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಶೌರ್ಯದ ಮಾತಾಡಿದೆ. ಸಿಗಲಿ ಅವನು, ಗ್ರಾಹಕರ ನ್ಯಾಯಾಲಯ, ಪೇಪರಿನವರು, ಡಿಸಿ ಸಾಹೇಬರು, ಯಾರನ್ನೂ ಬಿಡುವುದಿಲ್ಲ! ದಾನ ಕೊಟ್ಟವನಿಗೇ ಸುಳ್ಳು ಫೋಟೋ ಕಳಿಸುವುದೆಂದರೇನು? ಅಮರಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಕನಕಗಿರಿ ದಾಟಿದ ಮೇಲೆ ಬಾಯಿ ಬಿಟ್ಟಳು.

“ನಿಮ್ಮನ್ನ ಕೇಳದ ಅದನ್ನ ಎಲ್ಲೋ ಕೊಟ್ಟಾನಂತ ಸಿಟ್ಟೇನು?”

“ಮತ್ತ? ಕೇಳಬೇಕಿಲ್ಲೇನು?”

“ಹ್ಞೂಂ,” ಎಂದಳು.

ಅವಳ ಹ್ಞೂಂ ನನ್ನ ಹ್ಞೂಂನಂಥದ್ದಲ್ಲ. ಸಿದ್ದಾಪುರ ಬರುವವರೆಗೆ ನಾನು ದಾರಿಯ ಮೈಲಿಗಲ್ಲು ಎಣಿಸಿದೆ.

ಆಶ್ರಯ ಎಂದರೆ ಕಾಲುವೆಯ ಪಕ್ಕದಲ್ಲಿ ಒಂದು ತಗಡಿನ ಚಪ್ಪರ. ಸುತ್ತಲೂ ಭತ್ತ ಕೊಯ್ದ ಗದ್ದೆ. ಬಾಗಿಲಲ್ಲಿ ದೊಡ್ಡ ಬ್ಯಾನರು, ಅದರ ಮೇಲೆ ನಾನು! ಮೊಣಕಾಲೂರಿ, ಮುಖ ಬಲಕ್ಕೆ ತಿರುಗಿಸಿ, ಎಕ್ಸ್‌ಪ್ರೆಸ್ಸಿನ ತಲೆ ಸವರುತ್ತಿದ್ದೆ. ಒಳಗಿನ ಹುಲ್ಲಿನ ಬಣವೆಗಿಂತ ನಾನು ಎತ್ತರವಾಗಿದ್ದೆ. ಅಮರಮ್ಮ ಬ್ಯಾನರಿನ ಹತ್ತಿರ ಹೋಗಿ, ನನ್ನನ್ನು ಬಿಟ್ಟು, ನಾಯಿಯನ್ನು ಬಿಟ್ಟು, ಕೌದಿಯ ಅಂಚನ್ನು ಬೆರಳಿನಿಂದ ಮುಟ್ಟಿದಳು. ಪ್ಲಾಸ್ಟಿಕ್ಕು.

ಎತ್ತುಗಳು ಇದ್ದವು. ಮುಪ್ಪಿನಲ್ಲಿ ಎಲುಬು ಎದ್ದಂಥವು, ಕೊಂಬು ಮುರಿದಂಥವು. ಎಲ್ಲವೂ ಮೆಲುಕು ಹಾಕುತ್ತಿದ್ದವು. ಒಂದರ ಮೈಮೇಲೂ ಕೌದಿ ಇರಲಿಲ್ಲ. ನಾಯಿಗಳು ಗೋಣಿಚೀಲದ ಮೇಲೆ ಸುರುಳಿಯಾಗಿದ್ದವು. ನೋಡಿಕೊಳ್ಳುವವನ ಹೆಸರು ಗೋಣೆಪ್ಪ.

“ಕೌದಿ ಎಲ್ಲಿಟ್ಟೀರಪ್ಪ?”

“ಅಗೋ, ಗೂಟಕ್ಕ ಐತಲ್ರಿ.”

ಗೂಟದಲ್ಲಿ ಒಂದೇ ಒಂದು ಕೌದಿ ನೇತಾಡುತ್ತಿತ್ತು. ಫೋಟೋದಲ್ಲಿದ್ದದ್ದು.

“ಉಳದವು?”

“ಉಳದವು ಬಂದಂಗ ಹೋಗ್ತಾವ್ರಿ. ಇದು ಫೋಟೋ ಕೌದಿ. ಯಾರಾರ ಕೇಳಿದಾಗ ಎತ್ತಿನ ಮ್ಯಾಲ ಹಾಕ್ತೀನಿ, ಫೋಟೋ ಆದ ಮ್ಯಾಲ ತಗದು ಇಡ್ತೀನಿ. ಕರೇ ಎತ್ತು ನಿಲ್ಲಂಗಿಲ್ರಿ, ಹಾಯಾಕ ಬರ್ತೈತಿ. ಅದಕ್ಕ ಬಿಳೇದಕ್ಕ ಹಾಕ್ತೀನಿ.”

ಇಷ್ಟರಲ್ಲಿ ವ್ಯಾನು ಬಂತು. ಕೊಟ್ರೇಶ ನಮ್ಮನ್ನು ಕಂಡು ಒಂದು ಗಳಿಗೆ ನಿಂತ. ಆಮೇಲೆ ಕಪ್ಪು ಕನ್ನಡಕವನ್ನು ತಲೆಯಿಂದ ಕಣ್ಣಿಗಿಳಿಸಿಕೊಂಡ.

“ಸುಳ್ಳು ಹೇಳಿದೆಲ್ಲೋ,” ಎಂದೆ. ದಾರಿಯಲ್ಲಿ ತಯಾರಿಸಿಟ್ಟಿದ್ದ ಗರ್ಜನೆ ಹೊರಬರುವಾಗ ಕೆಮ್ಮಾಗಿತ್ತು.

“ಸುಳ್ಳಲ್ರಿ ಸಾಹೇಬ್ರ. ಎತ್ತಿಗೆ ಕೌದಿ ಯಾಕ ಬೇಕ್ರಿ? ಉಚ್ಚಿ ಹೊಯ್ತಾವ, ತುಳಿತಾವ, ಎರಡು ದಿನಕ್ಕ ಹರದು ಹೋಕ್ಕೈತಿ. ಹೇಮಗುಡ್ಡದ ಕಡೆ ರೆಸಾರ್ಟಿನವರು ಕೈಹೊಲಿಗಿ ಕೌದಿ ತಗೋತಾರ. ಅವರಿಗೆ ಕೊಡ್ತೀನಿ. ಬಂದಿದ್ರಾಗ ಹುಲ್ಲು ತರ್ತೀನಿ.”

“ಹುಲ್ಲು? ಸುತ್ತ ಗದ್ದೆ ತುಂಬ ಹುಲ್ಲು ಬಿಟ್ಟಿ ಬಿದ್ದೈತಲ್ಲೋ. ರೈತರು ಬೆಂಕಿ ಹಚ್ಚಾಕತ್ಯಾರ.”

“ಹುಲ್ಲು ಬಿಟ್ಟಿರಿ. ಟ್ರ್ಯಾಕ್ಟರ್ ಬಿಟ್ಟಿ ಏನ್ರಿ? ಡೀಸೆಲ್ ಬಿಟ್ಟಿ ಏನ್ರಿ?”

“ಮತ್ತ ಬ್ಯಾನರು?”

“ಬ್ಯಾನರ್ ಇಲ್ಲಂದ್ರ ಯಾರು ಕೊಡ್ತಾರ್ರಿ? ನೀವಾರ ಕೊಡ್ತಿದ್ರೇನು?”

ನಾನು ಬ್ಯಾನರಿನ ಮೇಲಿದ್ದ ನನ್ನನ್ನು ನೋಡಿದೆ. ಅವನು ಇನ್ನೂ ನಾಯಿಯ ತಲೆಯನ್ನೇ ಸವರುತ್ತಿದ್ದ.

ಕೊಟ್ರೇಶ ಬಿಳಿ ಎತ್ತಿನ ಪಕ್ಕೆಯ ಮೇಲೆ ಕೈಯಿಟ್ಟ. “ನಿಮ್ಮ ಕೌದಿ ಈಗ ಇದರ ಹೊಟ್ಯಾಗ ಐತಿ ಅಂತ ತಿಳಕೋರಿ.”

ಎತ್ತು ನಮ್ಮತ್ತೆಯ ಕೌದಿಯನ್ನು ನಿಧಾನವಾಗಿ ಮೆಲುಕು ಹಾಕಿತು. ಕಳ್ಳನನ್ನು ಹಿಡಿಯಲೆಂದು ರಜೆ ಹಾಕಿ ಬಂದವನಿಗೆ ಕಳ್ಳ ಅರ್ಧವೇ ಸಿಕ್ಕಿದ್ದ. ಉಳಿದ ಅರ್ಧ ಹುಲ್ಲು ತಿನ್ನುತ್ತ ನಿಂತಿತ್ತು. ಅರ್ಧ ಕಳ್ಳನಿಗೆ ಬೈಯುವುದು ಹೇಗೆ? ಪೂರ್ತಿ ಮೋಸಹೋಗಿದ್ದರೆ ಎಷ್ಟೋ ನೆಮ್ಮದಿಯಿತ್ತು. ನನ್ನ ಸಿಟ್ಟು ಕಾಲುವೆಯ ದಂಡೆಯ ಮೇಲೆ ಇಳಿಯಲೂ ಆಗದೆ, ದಾಟಲೂ ಆಗದೆ ನಿಂತುಬಿಟ್ಟಿತು.

ಅಮರಮ್ಮ ಕೊಟ್ರೇಶನನ್ನು ಕೇಳಿದ್ದು ಒಂದೇ ಮಾತು. “ರೆಸಾರ್ಟ್ ಎಲ್ಲಿ ಬರ್ತೈತೆಪ್ಪ?”

ರೆಸಾರ್ಟು ಗುಡ್ಡದ ಬಂಡೆಗಳ ನಡುವೆ ಎದ್ದಿತ್ತು. ಹೊರಗೆ ಕಟ್ಟಿಗೆಯ ಗಾಲಿ, ಒಳಗೆ ಬೀಸುವ ಕಲ್ಲು, ಗೋಡೆಗೆ ಮೊರ, ಮೂಲೆಯಲ್ಲಿ ನೇಗಿಲು. ನಮ್ಮ ಮನೆಗಳಿಂದ ನಾವು ಹೊರಗೆ ಹಾಕಿದ್ದೆಲ್ಲ ಇಲ್ಲಿ ಬಂದು ಒಳಗೆ ಕುಳಿತಿತ್ತು. ಮೇಜಿನ ಹಿಂದೆ ಗಂಗಾವತಿಯ ಹುಡುಗಿಯೊಬ್ಬಳು, ಎದೆಯ ಮೇಲೆ ಮೆಹಜಬೀನ ಎಂಬ ಹೆಸರಿನ ಪಟ್ಟಿ. ಅವಳ ಬೆನ್ನ ಹಿಂದಿನ ಗೋಡೆಯ ಮೇಲೆ, ದೀಪದ ಬೆಳಕಿನಲ್ಲಿ, ನಮ್ಮ ಕೌದಿ.

ಕೆಳಗೆ ಒಂದು ಫಲಕ. ಇದು ನೂರು ವರ್ಷ ಹಳೆಯದು, ಒಂದು ರಾಜಮನೆತನದ ದಾಸಿಯರು ಹೊಲಿದದ್ದು ಎಂದು ಬರೆದಿತ್ತು. ಹಸಿರು ತುಂಡು ಶೋಭಾಳನ್ನು ತೊಟ್ಟಿಲಿಗೆ ಹಾಕಿದ ದಿನ ನಾನೇ ಕುಷ್ಟಗಿ ಸಂತೆಯಲ್ಲಿ ತಂದ ಕುಪ್ಪಸದ ಬಟ್ಟೆ ಎಂದು ಈಗ ಹೊಳೆಯಿತು. ನಾನು ಅಷ್ಟು ಹಳಬನೆಂದು ತಿಳಿದಿರಲಿಲ್ಲ.

ಅಮರಮ್ಮ ನೇರವಾಗಿ ಮೂಲೆಯನ್ನು ನೋಡಿದಳು. ಅದು ಮುಚ್ಚಿತ್ತು. ಯಾರೋ ಮಷಿನ್ನಿನಲ್ಲಿ ಕೆಂಪು ದಾರ ಹಾಕಿ ಬರ್ರನೆ ಹೊಲಿದು ಮುಗಿಸಿದ್ದರು. ಅವಳ ಮುಖ ಆಗ ಇದ್ದ ಹಾಗೆ ನಾನು ಅತ್ತೆಯನ್ನು ಮಣ್ಣು ಮಾಡಿದ ದಿನವೂ ನೋಡಿರಲಿಲ್ಲ.

“ಯಾರು ಹೊಲದ್ರಿ ಇದನ್ನ?” ಎಂದು ಕೇಳಿದಳು.

“ಹರದಿತ್ತಂತ ಟೇಲರ್ ಕಡೆ ಹಾಕಿಸಿದ್ರಕ್ಕಾ,” ಎಂದಳು ಮೆಹಜಬೀನ. “ಯಾಕ, ನಿಮ್ದೇನು?”

ಈಗ ನನ್ನ ಸರದಿ. ದಾನಿ, ಕಂಟ್ರೋಲರ್, ಬ್ಯಾನರಿನ ಮನುಷ್ಯ! ನಾನು ಮ್ಯಾನೇಜರನ್ನು ಕರೆಸಿ ದೊಡ್ಡ ಭಾಷಣ ಮಾಡಿದೆ. ಅವನು ಕೊನೆಯವರೆಗೂ ನಗುತ್ತ ಕೇಳಿದ. ನಾವು ದುಡ್ಡು ಕೊಟ್ಟು ಕೊಂಡಿದ್ದೇವೆ, ಗೋಡೆಗೆ ಅಳತೆ ನೋಡಿ ಹಾಕಿದ್ದೇವೆ, ಇದನ್ನು ತೆಗೆದರೆ ಗೋಡೆ ಬೋಳಾಗುತ್ತದೆ, ಬೇಕಾದರೆ ಒಂದು ಫೋಟೋ ತೆಗೆದುಕೊಳ್ಳಿ ಎಂದ. ಮತ್ತೆ ಫೋಟೋ! ಇಷ್ಟು ಹೇಳಿ ಒಳಗೆ ಹೋದ. ನಾನು ಗಾಳಿ ಹೋದ ಟೈರಿನಂತೆ ಬೆತ್ತದ ಕುರ್ಚಿಯಲ್ಲಿ ಕುಸಿದೆ.

ಅಮರಮ್ಮ ಮೇಜಿನ ಹತ್ತಿರ ಹೋಗಿ ಮೆಹಜಬೀನಳ ಜೊತೆ ತಗ್ಗಿದ ದನಿಯಲ್ಲಿ ಮಾತಾಡಿದಳು.

“ಒಯ್ಯಂಗಿಲ್ಲವ್ವ. ಒಂದು ಮೂಲಿ ಬಿಚ್ಚಿ ಹೊಲಿತೀನಿ ಅಷ್ಟ. ನಮ್ಮವ್ವ ಹೊಟ್ಟಿ ಖಾಲಿ ಬಿಟ್ಟು ಹೋಗ್ಯಾಳ. ಹಂಗ ಮುಚ್ಚಿದ್ರ ನನಗ ನಿದ್ದಿ ಬರಂಗಿಲ್ಲ.”

ಹುಡುಗಿ ಅತ್ತ ಇತ್ತ ನೋಡಿದಳು. “ನಮ್ಮಪ್ಪನ ಅವ್ವ, ದಾದಿನೂ ಹಿಂಗ ಹೊಲಿತಿದ್ಲಕ್ಕಾ. ಲಗೂನ ಮುಗಸ್ರಿ. ಸಾಹೇಬ್ರು ಊಟಕ್ಕ ಹೋಗ್ಯಾರ,” ಎಂದು ತಾನೇ ಸ್ಟೂಲು ತಂದಿಟ್ಟಳು.

ಅಮರಮ್ಮ ಬಳೆಯಲ್ಲಿದ್ದ ಪಿನ್ನು ತೆಗೆದು ಕೆಂಪು ದಾರವನ್ನು ಒಂದೊಂದೇ ಎಳೆದು ಬಿಚ್ಚಿದಳು. ಚೀಲದಿಂದ ಬುತ್ತಿಯ ಗಂಟು ತೆಗೆದಳು. ಒಂದು ಚೂರು ರೊಟ್ಟಿಯನ್ನು ಒಳಗಿಟ್ಟಳು. ಅದರ ಹಿಂದೆಯೇ ಹೆಬ್ಬೆರಳಿನಷ್ಟು ದಪ್ಪದ ಬೆಲ್ಲ. ಸೂಜಿ, ದಾರ ಮನೆಯಿಂದಲೇ ಬಂದಿದ್ದವು. ಬೆಲ್ಲ ತಾಯಿಯ ಮೇಲಿನ ಹೆಚ್ಚಿನ ಪ್ರೀತಿಗೆ ಎಂದುಕೊಂಡೆ. ಸ್ಟೂಲಿನ ಮೇಲೆ ನಿಂತು, ಬೇರೆಯವರ ಗೋಡೆಯ ಮೇಲೆ, ಮೊಮ್ಮಗುವಿಲ್ಲದೆ, ಮಗಳಿಲ್ಲದೆ, ಆರತಿಯಿಲ್ಲದೆ ಅವಳು ತನ್ನ ತಾಯಿಯ ಕೌದಿಯನ್ನು ಹೊಲಿದು ಮುಗಿಸಿದಳು. ದಾರವನ್ನು ಹಲ್ಲಿನಿಂದ ಕಡಿದಳು. ಕೆಳಗಿಳಿದು, “ನಡ್ರಿ,” ಎಂದಳು.

ಬಸ್ಸಿನಲ್ಲಿ ನಾನು ಅವಳ ಪಕ್ಕದಲ್ಲಿ ಕುಳಿತಿದ್ದೆ, ಆದರೆ ಅವಳ ಪಕ್ಕ ಖಾಲಿಯಿತ್ತು.

ಮುಂದಿನ ದಿನಗಳು ಮಂಕಾಗಿ ಹೋದವು. ಶೋಭಾ ಫೋನು ಮಾಡಿ, “ಅಪ್ಪಾ, ಆಯಿ ಕೌದಿ ಸಿಕ್ತೇನು?” ಎಂದು ಕೇಳಿದಾಗ ನಾನು ಬಸ್ಸು ಬಂತೆಂದು ಫೋನಿಟ್ಟೆ. ಯಾವ ಬಸ್ಸೂ ಬಂದಿರಲಿಲ್ಲ. ಎಕ್ಸ್‌ಪ್ರೆಸ್ಸಿಗೆ ಹೊಸದೊಂದು ಚಟ ಹಿಡಿದಿತ್ತು. ರಸ್ತೆಯಲ್ಲಿ ಯಾವ ಬಿಳಿ ವ್ಯಾನು ಹೋದರೂ ಎದ್ದು, ಮೂರು ಕಾಲಿನಲ್ಲಿ ಅದರ ಹಿಂದೆ ಓಡುವುದು. ಹಾಲಿನ ವ್ಯಾನು, ಮದುವೆಯ ವ್ಯಾನು, ಬ್ಯಾಂಕಿನ ವ್ಯಾನು. ಗೇಟಿನವರೆಗೆ ಹೋಗಿ, ನಿಂತು, ನೋಡಿ, ಮರಳಿ ಬಂದು ಬರಿಯ ಸಿಮೆಂಟಿನ ಮೇಲೆ ಮುದುಡುವುದು. ಅದು ಕೃತಜ್ಞತೆ ಹೇಳಲು ಹೋಗುತ್ತಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಹೊಳೆದ ಮೇಲೆ ಗಾಜಿನ ಆಚೆ ನೋಡುವುದನ್ನು ಕಡಿಮೆ ಮಾಡಿದೆ.

ಕುಬಸಕ್ಕೆ ಇನ್ನೇನು ದಿನ ಹತ್ತಿರ ಬಂತೆನ್ನುವಾಗ ಮೆಹಜಬೀನಳ ಫೋನು ಬಂತು. ಅಮರಮ್ಮ ಹೊರಡುವಾಗ ನನ್ನ ನಂಬರು ಬರೆದುಕೊಟ್ಟಿದ್ದಳಂತೆ. ಅದೂ ನನಗೆ ಗೊತ್ತಿರಲಿಲ್ಲ.

“ಅಣ್ಣಾರ, ಆ ಕೌದಿಗೆ ಕೆಂಪಿರುವಿ ಹತ್ತ್ಯಾವ್ರಿ. ಗೋಡಿ ತುಂಬ ಸಾಲು. ನಿನ್ನಿ ಮುಂಬೈ ಕಡಿಯೋರು ಒಬ್ರು ಫೋಟೋಕ್ಕಂತ ಅದಕ್ಕ ಒರಗಿ ನಿಂತಿದ್ರು, ಕೊಳ್ಳಾಗ ಹೊಕ್ಕು ಕಡದಾವ. ಅವರು ರೂಮ್ ಖಾಲಿ ಮಾಡಿದ್ರು. ಕೀಟದ ಎಣ್ಣಿ ಹೊಡದ್ರೂ ಹೋಗವಲ್ವು. ಸಾಹೇಬ್ರು ಇದನ್ನ ಹೊರಗ ಒಗೀರಿ ಅಂದಾರ. ನಾ ಒಗದಿಲ್ಲ. ಬಸ್ಸಿಗೆ ಹಾಕಿ ಕಳಸ್ಲೇನ್ರಿ?”

ಮಧ್ಯಾಹ್ನದ ಗಂಗಾವತಿ ಬಸ್ಸಿನಿಂದ ಕಂಡಕ್ಟರ್ ರಫೀ ಒಂದು ಗಂಟನ್ನು ಎರಡು ಬೆರಳಿನಲ್ಲಿ ಹಿಡಿದು ಇಳಿದ. “ಏನ್ ಕಳಿಸ್ಯಾರ್ರಿ ಸಾಹೇಬ್ರ ನಿಮಗ? ದಾರಿ ತುಂಬ ಪ್ಯಾಸೆಂಜರ್ ಕೆರಕೋತ ಬಂದಾರ. ಇರುವಿಗೂ ಟಿಕೆಟ್ ಹರೀಬೇಕಿತ್ತು.”

ಗಂಟನ್ನು ಮನೆಗೆ ಒಯ್ದೆ. ಅಮರಮ್ಮ ಅಂಗಳದಲ್ಲಿ ಬಿಸಿಲಿಗೆ ಹರವಿದಳು. ಮೂಲೆ ಬಿಚ್ಚಿ, ರೊಟ್ಟಿ, ಬೆಲ್ಲ ತೆಗೆದು ಗೋಡೆಯ ಬುಡಕ್ಕೆ ಇಟ್ಟಳು. ಇರುವೆಗಳು ಸಾಲು ಹಿಡಿದು ಆ ಕಡೆಗೆ ಹೊರಟವು. ಮೂಲೆ ಮತ್ತೆ ಬಾಯಿ ತೆರೆದು, ಕುಬಸಕ್ಕೆ ಕಾಯುತ್ತ ಮಲಗಿತು.

“ನಿಮ್ಮ ಮನಿತನದಾಗ ರೊಟ್ಟಿ ಅಷ್ಟ ಇಡೋ ರೂಢಿ ಅಲ್ಲೇನು?” ಎಂದೆ.

“ಹೌದು.”

“ಮತ್ತ ಬೆಲ್ಲ?”

“ರೊಟ್ಟಿ ಕೌದಿಗೆ,” ಎಂದಳು. “ಬೆಲ್ಲ ಇರುವಿಗೆ.”

ನ್ಯಾಯಾಲಯ, ಪೇಪರು, ಡಿಸಿ ಸಾಹೇಬರು ಎಂದು ದಾರಿಯುದ್ದಕ್ಕೂ ನಾನು ಗುಡುಗಿದ್ದೆನಲ್ಲ, ಅಷ್ಟು ಹೊತ್ತೂ ಅವಳ ತೊಡೆಯ ಮೇಲಿನ ಚೀಲದಲ್ಲಿ ಈ ಬೆಲ್ಲ ಸುಮ್ಮನೆ ಕುಳಿತಿತ್ತು.

ಅಂದು ಊಟದಲ್ಲಿ “ಇನ್ನೊಂದು ಹಾಕ್ಲೇನು?” ಎಂಬುದೂ ಮರಳಿ ಬಂತು. ನನ್ನ ಶಿಕ್ಷೆ ಮುಗಿಯಿತೆಂದು ಸಂತೋಷಪಟ್ಟೆ. ಕರುಣಾಮಯಿಗಳು ಬೇಗ ಸಂತೋಷಪಡುತ್ತಾರೆ.

ಮರುದಿನ ಬೆಳಿಗ್ಗೆ ನಾನು ಗೂಡಿನಲ್ಲಿದ್ದಾಗ ಅಮರಮ್ಮ ನಿಲ್ದಾಣಕ್ಕೆ ಬಂದಳು. ಕಂಕುಳಲ್ಲಿ ನನ್ನ ರಗ್ಗು! ನಾನು ಹೊದೆಯುವ, ದಪ್ಪನೆಯ, ಕಂದು ಬಣ್ಣದ, ಮನೆಯಲ್ಲಿ ಇನ್ನಾರಿಗೂ ಕೊಡದ ರಗ್ಗು.

“ಇದನ್ಯಾಕ ತಂದಿ?”

“ಮೊದಲ್ನೇದು ಕಂಟ್ರೋಲರ್ ಸಾಹೇಬ್ರದು ಅಂತ ಊರಿಗೆಲ್ಲ ಕೇಳೂಹಂಗ ಹೇಳೀರಿ. ಸಾಹೇಬ್ರದು ಅಂದ್ರ ಇದ ಅಲ್ಲೇನ್ರಿ?”

ಗೂಡಿನ ಕೆಳಗೆ ಅವಳೇ ಅದನ್ನು ಹಾಸಿದಳು. ಎಕ್ಸ್‌ಪ್ರೆಸ್ ಎದ್ದು ನಿಂತಿತು. ರಗ್ಗನ್ನು ದೂರದಿಂದ ಮೂಸಿತು. ನನ್ನ ಕೈಯನ್ನು ನೋಡಿತು. ಅಂಗಿಯ ಜೇಬಿನಲ್ಲಿದ್ದ ಫೋನನ್ನು ನೋಡಿತು. ನಾನು ಫೋನು ತೆಗೆದು ಅಮರಮ್ಮನಿಗೆ ಕೊಟ್ಟೆ. ಅದು ಬರಲಿಲ್ಲ. ಬಾ ಎಂದೆ, ಬಿಸ್ಕೀಟು ಇಟ್ಟೆ, ಕೊನೆಗೆ ಖಾಕಿ ಸಮವಸ್ತ್ರದಲ್ಲಿಯೇ ಕೆಳಗಿಳಿದು ರಗ್ಗಿನ ಅಂಚಿನ ಮೇಲೆ ಕುಳಿತೆ. ಸುತ್ತ ಪ್ರಯಾಣಿಕರು ಸೇರಿದರು. ಆಗ ಎಕ್ಸ್‌ಪ್ರೆಸ್ ಒಂದು ಕಾಲು ಮುಂದಿಟ್ಟಿತು. ಇನ್ನೊಂದು ಇಟ್ಟಿತು. ಬಗ್ಗಿ, ಮೂತಿಯನ್ನಷ್ಟೇ ರಗ್ಗಿನ ಮೇಲಿಟ್ಟಿತು. ಅದರ ಉಸಿರು ನನ್ನ ಮೊಣಕಾಲಿಗೆ ತಾಗಿತು.

ಹೊರಗೆ ರಸ್ತೆಯಲ್ಲಿ ಬಿಳಿ ವ್ಯಾನೊಂದು ಹಾರ್ನು ಹೊಡೆಯಿತು. ಎಕ್ಸ್‌ಪ್ರೆಸ್ ಥಟ್ಟನೆ ತಲೆಯೆತ್ತಿ, ರಗ್ಗನ್ನು ಬಿಟ್ಟು, ನನ್ನನ್ನು ಬಿಟ್ಟು, ಮೂರು ಕಾಲಿನಲ್ಲಿ ಅದರ ಹಿಂದೆ ಓಡಿತು.

ಜನ ನಕ್ಕರು. ನಾನು ಏಳಲು ಹೋದೆ, ರಗ್ಗಿನ ಅಂಚು ಹಿಡಿದುಕೊಂಡು.

“ಎದ್ದೀರಿ ಮತ್ತ,” ಎಂದಳು ಅಮರಮ್ಮ. “ಕೂಡ್ರಿ ಅಲ್ಲೇ. ಅದು ತಿರುಗಿ ಬರೂತನ ರಗ್ಗಿಗೆ ಕೈ ಹಚ್ಚಬ್ಯಾಡ್ರಿ. ಫೋಟೋ ತಗಿಯೋರಷ್ಟ ಹೊಚ್ಚತಾರಂತ ಅದು ತಿಳಕೊಂಡೈತಿ. ಕಲಿಸಿದವರು ನೀವ.”

ಅವಳು ಮನೆಗೆ ಹೋದಳು. ಆ ಬೆಳಿಗ್ಗೆ ಕುಷ್ಟಗಿಯ ಬಸ್ಸುಗಳನ್ನು ಕಂಡಕ್ಟರುಗಳೇ ಬಾಗಿಲಲ್ಲಿ ನಿಂತು ಕೂಗಿಕೊಂಡರು. ಮೈಕು ಸುಮ್ಮನಿತ್ತು. ಕಂಟ್ರೋಲರ್ ಸಾಹೇಬರು ನೆಲದ ಮೇಲೆ ಕುಳಿತು ಗೇಟಿನ ಕಡೆ ನೋಡುತ್ತಿದ್ದರು.